ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ

ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿಬಂದ ತಾಯಂದಿರ ಕಥೆ ನಮ್ಮ ಊರುಗಳಲ್ಲಿ ಈಗ ಮನೆಮನೆಯ ಮಾತು. ಅಂಟಿನುಂಡೆಯ ಸಾಮಾನು, ಮೆಂತ್ಯದ ಹಿಟ್ಟು, ಮಗುವಿಗೆ ಬಜೆ, ಇವನ್ನೆಲ್ಲ ಗಂಟು ಕಟ್ಟಿಕೊಂಡು ನಾನೂ 2016ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನ ಹತ್ತಿರವಿದ್ದ ಮಗಳ ಮನೆಗೆ ಹೋಗಿದ್ದೆ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ, ಬೇಸಿಗೆಯ ಒಂದು ಶನಿವಾರ, ಮಗಳು "ಅಮ್ಮಾ, ಬಂದಾಗಿನಿಂದ ನೀನು ಅಡುಗೆಮನೆ, ಬಚ್ಚಲುಮನೆ ಬಿಟ್ಟು ಏನೂ ನೋಡಿಲ್ಲ. ಇವತ್ತು ನಿನಗೆ ಇಷ್ಟವಾಗೋ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಅಂದಳು. ಎಲ್ಲ ತಾಯಂದಿರ ಹಾಗೆ ನಾನೂ ನಯಾಗರ ಅಂದುಕೊಂಡೆ. ಅವಳು ಕರೆದುಕೊಂಡು ಹೋದದ್ದು ಒಂದು ಕಾಲೇಜಿಗೆ.

ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಎಂಬ ಸಣ್ಣ ಊರು. ಅಲ್ಲಿ ಸ್ಮಿತ್ ಕಾಲೇಜು. ಹೆಣ್ಣುಮಕ್ಕಳ ಕಾಲೇಜು. ರಜೆಯ ಕಾಲವಾದ್ದರಿಂದ ತರಗತಿಗಳಿರಲಿಲ್ಲ. ಹಳೆಯ ಇಟ್ಟಿಗೆ ಕಟ್ಟಡಗಳು, ಗಾಜಿನ ಸಸ್ಯಾಗಾರ, ಇಳಿಜಾರಿನ ಕೊನೆಗೆ ಒಂದು ಕೊಳ. ಮಿಲ್ ರಿವರ್ ಎಂಬ ಸಣ್ಣ ಹೊಳೆಗೆ ಅಡ್ಡಕಟ್ಟೆ ಹಾಕಿ ನಿಲ್ಲಿಸಿದ ನೀರು; ಅದಕ್ಕೆ ಪ್ಯಾರಡೈಸ್ ಪಾಂಡ್ ಎಂದು ಹೆಸರು. ಸಿವಿಲ್ ಎಂಜಿನಿಯರಿಂಗಿನವರಿಗೆ ಕಟ್ಟೆ ಕಂಡರೆ ಸುಮ್ಮನಿರಲಿಕ್ಕಾಗುವುದಿಲ್ಲ. ನಾನು ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಮಗಳು ನಗುತ್ತ, "ಅದಕ್ಕೇ ಕರ್ಕೊಂಡು ಬಂದೆ. ಇದು ಇಂಗ್ಲಿಷು, ಸಂಗೀತ, ತತ್ತ್ವಶಾಸ್ತ್ರ ಹೇಳಿಕೊಡೋ ಕಾಲೇಜು. ಆದರೆ ಇಲ್ಲಿ ಎಂಜಿನಿಯರಿಂಗೂ ಇದೆ" ಅಂದಳು.

"ಬಿ.ಎ. ಕಾಲೇಜಿನಲ್ಲಿ ಎಂಜಿನಿಯರಿಂಗೇ?" ಅಂದೆ. ನನ್ನ ದನಿಯಲ್ಲಿದ್ದ ತಾತ್ಸಾರ ನನಗೇ ಕೇಳಿಸಿತು.

ಆ ತಾತ್ಸಾರ ಎಲ್ಲಿಂದ ಬಂತೆಂದು ಹೇಳಬೇಕು. ನಾನು 1971ರಲ್ಲಿ ಎಂಜಿನಿಯರಿಂಗಿಗೆ ಸೇರಿದಾಗ ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರು. ವರ್ಕ್‌ಶಾಪಿನ ಕಡೆ ಹೆಂಗಸರ ಶೌಚಾಲಯವೇ ಇರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯದೆ, ಮಧ್ಯಾಹ್ನ ನೀರು ಕುಡಿಯದೆ ಫೈಲು ತಿಕ್ಕುವುದು, ಮರ ಕೊರೆಯುವುದು ಕಲಿತೆವು. ಪಿ.ಯು.ಸಿ.ಯವರೆಗೆ ನನಗೆ ಕನ್ನಡದಲ್ಲಿ ಮೊದಲ ಬಹುಮಾನ ಬರುತ್ತಿತ್ತು. ಎಂಜಿನಿಯರಿಂಗಿಗೆ ಸೇರಿದ ದಿನ ಅಪ್ಪ ನನ್ನ ಕಾದಂಬರಿಗಳನ್ನೆಲ್ಲ ಅಟ್ಟದ ಮೇಲಿಟ್ಟರು. ಸಿಟ್ಟಿನಿಂದಲ್ಲ, ಅಕ್ಕರೆಯಿಂದ: "ಇನ್ನು ಇದಕ್ಕೆಲ್ಲ ಪುರಸೊತ್ತೆಲ್ಲಮ್ಮ." ಅಷ್ಟು ಕಷ್ಟಪಟ್ಟು ಗಂಡಸರ ಕೋಣೆಯೊಳಗೆ ಕಾಲಿಟ್ಟವಳಿಗೆ, ಅಟ್ಟ ಹತ್ತಿದ ಪುಸ್ತಕಗಳ ಬಗ್ಗೆ ಒಂದು ಬಗೆಯ ಹಗುರ ಭಾವ ಬಂದುಬಿಡುತ್ತದೆ. ಅದು ಹೆಂಗಸರ ಓದು, ನಮ್ಮದು ನಿಜವಾದ ಓದು ಎಂಬಂತೆ. ಅದೇ ಭಾವವನ್ನು ಹೊತ್ತು 33 ವರ್ಷ ಒಂದು ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದೆ.

ಆ 33 ವರ್ಷಗಳಲ್ಲಿ ಒಂದು ದಿನ ಮಾತ್ರ ಮುಳ್ಳಿನ ಹಾಗೆ ಉಳಿದಿದೆ. 1994ರ ಮಳೆಗಾಲ. ಚರಂಡಿಗಳ ಪಾಠ ಮಾಡುತ್ತಿದ್ದೆ. ಕೊಳಚೆ ನೀರು ಕಸವನ್ನು ತಾನೇ ಕೊಚ್ಚಿಕೊಂಡು ಹೋಗಬೇಕಾದರೆ ಎಷ್ಟು ವೇಗ ಬೇಕು, ಅದಕ್ಕೆ ಎಷ್ಟು ಇಳಿಜಾರು ಕೊಡಬೇಕು, ಇಷ್ಟೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಊರಾಚೆಯ ದಲಿತರ ಕೇರಿಯಿಂದ ನಡೆದುಕೊಂಡು ಬರುತ್ತಿದ್ದ ಹುಡುಗಿ. ಇಡೀ ವರ್ಷ ಬಾಯಿಬಿಟ್ಟವಳಲ್ಲ. "ಮೇಡಂ, ಪೇಟೆ ಚರಂಡಿ ನೀರೆಲ್ಲ ನಮ್ಮ ಕೇರಿಗೇ ಯಾಕೆ ಬರ್ತದೆ?"

"ನೀರು ಇಳಿಜಾರಿಗೆ ಹರಿಯುತ್ತೆ. ಕೂತ್ಕೋ" ಅಂದೆ.

ಅವಳು ಕೂರಲಿಲ್ಲ. "ಇಳಿಜಾರು ಆ ಕಡೆಗೇ ಇದೆಯಾ ಮೇಡಂ?"

"ಅದು ಸಿಲಬಸ್ಸಿನಲ್ಲಿಲ್ಲ" ಅಂದೆ. ತರಗತಿ ನಕ್ಕಿತು. ಅವಳು ಕೂತಳು. ಆಮೇಲೆ ಆ ವರ್ಷ ಅವಳು ಏನನ್ನೂ ಕೇಳಲಿಲ್ಲ.

ಪ್ಯಾರಡೈಸ್ ಪಾಂಡಿನ ದಂಡೆಯ ಮೇಲೆ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಆ ಹುಡುಗಿ ನೆನಪಾದಳು. ಯಾಕೆಂದು ಆಗ ತಿಳಿಯಲಿಲ್ಲ. ಮನೆಗೆ ಮರಳಿದ ಮೇಲೆ, ಮಗು ಮಲಗಿದಾಗಲೆಲ್ಲ ಮಗಳು ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳನ್ನು ಓದತೊಡಗಿದೆ. ಓದುತ್ತ ಹೋದ ಹಾಗೆ ಆ ಹೊಳೆ, ಆ ಕಾಲೇಜು, ನನ್ನ ಪಾಠ ಮೂರೂ ಒಂದಕ್ಕೊಂದು ಹೆಣೆದುಕೊಂಡವು.

ಲಿಬರಲ್ ಆರ್ಟ್ಸ್ ಕಾಲೇಜು ಎಂದರೆ ನಮ್ಮ ಬಿ.ಎ. ಕಾಲೇಜು ಎಂದು ನಾನು ತಿಳಿದದ್ದು ಅರ್ಧ ಮಾತ್ರ ಸರಿ. ಯೂರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಸ್ವತಂತ್ರ ಮನುಷ್ಯನಿಗೆ ತಕ್ಕದ್ದೆಂದು ಎಣಿಸುತ್ತಿದ್ದ ವಿದ್ಯೆಗಳು ಏಳು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ. ಏಳರಲ್ಲಿ ಮೂರು ಗಣಿತ, ಖಗೋಳಗಳೇ ಎಂಬುದನ್ನು ನೋಡಿ. ಕೈಯಲ್ಲಿ ಮಾಡುವ ಕೆಲಸ, ಅಂದರೆ ಕಟ್ಟುವುದು, ಕುಟ್ಟುವುದು, ನೇಯುವುದು ಆ ಪಟ್ಟಿಯಲ್ಲಿರಲಿಲ್ಲ. ಅದು ಕೂಲಿಯವರದು. ನಮ್ಮಲ್ಲಿ ಶಾಸ್ತ್ರ ಓದುವವರೂ ಕಲ್ಲು ಒಡೆಯುವವರೂ ಒಂದೇ ಪಂಕ್ತಿಯಲ್ಲಿ ಕೂರದಿದ್ದ ಹಾಗೆಯೇ ಇದು.

ಅಮೆರಿಕದಲ್ಲೂ ಮೊದಮೊದಲು ಎಂಜಿನಿಯರಿಂಗ್ ಕಲಿಸಿದ್ದು ಕಾಲೇಜುಗಳ ಹೊರಗೆ. 1802ರಲ್ಲಿ ಶುರುವಾದ ವೆಸ್ಟ್ ಪಾಯಿಂಟ್ ಎಂಬ ಸೈನಿಕ ಶಾಲೆಯಲ್ಲಿ, ಆಮೇಲೆ 1824ರಲ್ಲಿ ಶುರುವಾದ ರೆನ್ಸಲೇರ್ ಶಾಲೆಯಲ್ಲಿ. ಹೊಸ ಹೊಸ ಕಾಲುವೆಗಳು, ರೈಲುಹಾದಿಗಳು ಆ ದೇಶಕ್ಕೆ ಬೇಕಾಗಿದ್ದ ಕಾಲ. ಗ್ರೀಕ್, ಲ್ಯಾಟಿನ್ ಕಲಿಸುವ ಕಾಲೇಜೊಂದು ಎಂಜಿನಿಯರಿಂಗನ್ನು ಒಳಗೆ ಬಿಟ್ಟುಕೊಂಡದ್ದು 1845ರಲ್ಲಿ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಯೂನಿಯನ್ ಕಾಲೇಜು ಆ ವರ್ಷ ಸಿವಿಲ್ ಎಂಜಿನಿಯರಿಂಗ್ ಪಾಠ ಶುರುಮಾಡಿತು. 1862ರಲ್ಲಿ ಮಾರಿಲ್ ಕಾಯಿದೆ ಎಂಬುದು ಬಂದು, ಸರ್ಕಾರಿ ಜಮೀನಿನ ಹಣದಿಂದ ರಾಜ್ಯರಾಜ್ಯಗಳಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆಯ ದೊಡ್ಡ ಕಾಲೇಜುಗಳೆದ್ದವು. ಅಲ್ಲಿಂದ ಮುಂದೆ ಎಂಜಿನಿಯರಿಂಗ್ ಹೋದದ್ದು ಹೆಚ್ಚಾಗಿ ಆ ದೊಡ್ಡ ಮನೆಗಳಿಗೆ. ಸಣ್ಣ ಕಾಲೇಜುಗಳಲ್ಲಿ ಅದನ್ನು ಉಳಿಸಿಕೊಂಡವು ಬೆರಳೆಣಿಕೆಯಷ್ಟು. ಆ ಯೂನಿಯನ್ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1970ರಲ್ಲಿ, ನಾನು ಎಂಜಿನಿಯರಿಂಗಿಗೆ ಸೇರುವ ಹಿಂದಿನ ವರ್ಷ! ಆ ವಿಷಯದಲ್ಲಿ ಅದಕ್ಕಿಂತ ನಮ್ಮ ದೇಶದ ಕಾಲೇಜೇ ಮುಂದು. ಮದರಾಸಿನ ಗಿಂಡಿ ಕಾಲೇಜು 1940ರ ಸುಮಾರಿಗೇ ಬಾಗಿಲು ತೆರೆದಿತ್ತು. ಹದಿನೆಂಟಕ್ಕೆ ವಿಧವೆಯಾಗಿ, ಕೈಗೂಸನ್ನು ಸಾಕುತ್ತ ಓದಿದ ಎ. ಲಲಿತಾ ಅಲ್ಲಿಂದ 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಹೊರಬಂದರು.

ಇನ್ನು ಆ ಹೊಳೆಯ ಕಥೆ.

ನಾರ್ತಾಂಪ್ಟನ್ನಿನ ಮೇಲ್ಭಾಗದಲ್ಲಿ, ಮಿಲ್ ರಿವರ್ ದಂಡೆಯುದ್ದಕ್ಕೂ ರೇಷ್ಮೆ, ಗುಂಡಿ, ಹಿತ್ತಾಳೆಯ ಕಾರ್ಖಾನೆಗಳಿದ್ದವು. ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕಾರ್ಖಾನೆಯ ಮಾಲೀಕರೆಲ್ಲ ಸೇರಿ 1865ರಲ್ಲಿ ವಿಲಿಯಮ್ಸ್‌ಬರ್ಗ್ ಊರಿನ ಮೇಲೊಂದು ಮಣ್ಣಿನ ಅಣೆಕಟ್ಟು ಕಟ್ಟಿಸಿದರು. ಮಧ್ಯದಲ್ಲಿ ಕಲ್ಲಿನ ಗೋಡೆ, ಎರಡೂ ಕಡೆ ಮಣ್ಣಿನ ಏರಿ. ಬಲ್ಲ ಎಂಜಿನಿಯರುಗಳು ಕೊಟ್ಟ ನಕ್ಷೆ ದುಬಾರಿಯೆಂದು ಬಿಟ್ಟು, ಖರ್ಚು ಹಿಡಿಸುವ ಹಾಗೆ ತಾವೇ ಲೆಕ್ಕ ಹಾಕಿ ಕಟ್ಟಿಸಿದರು. ಗೋಡೆಯ ತಳಪಾಯ ಭದ್ರವಿರಲಿಲ್ಲ. ನೀರು ಅಡಿಯಿಂದ ಜಿನುಗುತ್ತಿತ್ತು. 1874ರ ಮೇ 16, ಶನಿವಾರ ಬೆಳಿಗ್ಗೆ ಏರಿಯ ಒಂದು ಭಾಗ ಕುಸಿಯಿತು. ಕಟ್ಟೆಯ ಕಾವಲುಗಾರ ಜಾರ್ಜ್ ಚೇನಿ ಕುದುರೆ ಹತ್ತಿ ಊರಿಗೆ ಓಡಿಬಂದ. ಕಾಲಿನ್ಸ್ ಗ್ರೇವ್ಸ್ ಎಂಬ ಹಾಲಿನವನು ತನ್ನ ಗಾಡಿಯನ್ನು ಹೊಳೆಯ ಕೆಳಗಿನ ಊರುಗಳ ಕಡೆ ಓಡಿಸುತ್ತ ಕೂಗಿ ಕೂಗಿ ಎಚ್ಚರಿಸಿದ. ಆದರೂ 139 ಜನ ಸತ್ತರು. ಹೆಂಗಸರು, ಮಕ್ಕಳೇ ಬಹಳ.

ಆಮೇಲೆ ವಿಚಾರಣೆ ನಡೆಯಿತು. ತಪ್ಪು ಮಾಲೀಕರದು, ಎಂಜಿನಿಯರನದು, ಕಂಟ್ರಾಕ್ಟರರದು, ಪರಿಶೀಲಿಸಿ ಒಪ್ಪಿಗೆ ಕೊಟ್ಟ ಅಧಿಕಾರಿಗಳದು, ಸರಿಯಾದ ಕಾನೂನು ಮಾಡದ ಶಾಸನಸಭೆಯದು, ಅಂದರೆ ಎಲ್ಲರದೂ ಎಂದು ತೀರ್ಪಾಯಿತು. ಎಲ್ಲರದೂ ಆದ ತಪ್ಪು ಕೊನೆಗೆ ಯಾರದೂ ಆಗಲಿಲ್ಲ; ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಮರುವರ್ಷ ಅಣೆಕಟ್ಟುಗಳ ತಪಾಸಣೆಗೆ ಆ ರಾಜ್ಯ ಒಂದು ಕಾಯಿದೆ ಮಾಡಿತು, ಅಷ್ಟೇ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ತುಂಬ ಹೊತ್ತು ಕೂತಿದ್ದೆ. ನಾನು ಮಣ್ಣಿನ ಏರಿಯ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ! ಜಿನುಗುವ ನೀರಿನ ಲೆಕ್ಕ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಖರ್ಚು ಯಾರು ಹಿಡಿಯುತ್ತಾರೆ, ಕಟ್ಟೆಯ ಕೆಳಗೆ ಮಲಗಿದವರು ಯಾರು, ನಕ್ಷೆಗೆ ಸಹಿ ಹಾಕು ಎಂದಾಗ ಒಲ್ಲೆ ಎನ್ನುವ ಧೈರ್ಯ ಎಲ್ಲಿಂದ ಬರಬೇಕು, ಇದನ್ನು ಒಂದು ದಿನವೂ ಹೇಳಿಕೊಟ್ಟವಳಲ್ಲ. ಅದು ಪರೀಕ್ಷೆಗೆ ಬರುತ್ತಿರಲಿಲ್ಲ.

ಆ ಪ್ರಳಯವಾದ ಮರುವರ್ಷ, 1875ರಲ್ಲಿ, ಅದೇ ಹೊಳೆಯ ದಂಡೆಯ ಊರಿನಲ್ಲಿ ಸ್ಮಿತ್ ಕಾಲೇಜು ಬಾಗಿಲು ತೆರೆಯಿತು. ಸೇರಿದವರು 14 ಹುಡುಗಿಯರು. ಹಣ ಬಿಟ್ಟುಹೋದಾಕೆ ಹತ್ತಿರದ ಹ್ಯಾಟ್‌ಫೀಲ್ಡಿನ ಸೋಫಿಯಾ ಸ್ಮಿತ್. ಮದುವೆಯಾಗಲಿಲ್ಲ, ನಲವತ್ತರ ಹೊತ್ತಿಗೆ ಕಿವಿ ಕೇಳದಾಯಿತು. ಅಣ್ಣತಮ್ಮಂದಿರು, ತಂಗಿ ಎಲ್ಲ ತೀರಿಕೊಂಡು ಆಸ್ತಿಯೆಲ್ಲ ಅವಳೊಬ್ಬಳ ಕೈಗೆ ಬಂತು. ಮೊದಲು ಕಿವುಡ ಮಕ್ಕಳಿಗೊಂದು ಶಾಲೆ ಕಟ್ಟಬೇಕೆಂದಿದ್ದಳು. 1867ರಲ್ಲಿ ಅಂಥ ಶಾಲೆಯನ್ನು ಬೇರೆಯವರೇ ತೆರೆದಾಗ, ತನ್ನ ಪಾದ್ರಿಯ ಸಲಹೆಯಂತೆ, ಗಂಡುಮಕ್ಕಳಿಗೆ ಸಿಗುವಷ್ಟೇ ಒಳ್ಳೆಯ ವಿದ್ಯೆ ಹೆಣ್ಣುಮಕ್ಕಳಿಗೆ ಸಿಗುವ ಕಾಲೇಜಿಗೆಂದು ಉಯಿಲು ಬರೆದಳು. 1870ರಲ್ಲಿ ತೀರಿಕೊಂಡಳು, ಕಾಲೇಜನ್ನು ಕಣ್ಣಾರೆ ಕಾಣಲಿಲ್ಲ.

ಗಂಡುಮಕ್ಕಳಷ್ಟೇ ಎಂಬ ಆ ಮಾತಿನಲ್ಲಿ ಎಂಜಿನಿಯರಿಂಗ್ ಸೇರಲು ಇನ್ನೂ 124 ವರ್ಷ ಬೇಕಾಯಿತು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದಿ ಆ ಕಡೆ ಹೊರಳಬೇಕೆಂದವರು ಮನೆ ಬದಲಿಸಬೇಕಾಗಿತ್ತು. ಎಲೆನ್ ಸ್ವಾಲೊ ಎಂಬಾಕೆ 1870ರಲ್ಲಿ ವಾಸರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪದವಿ ಪಡೆದು, ಎಂ.ಐ.ಟಿ.ಗೆ ಅಲ್ಲಿಯ ಮೊದಲ ವಿದ್ಯಾರ್ಥಿನಿಯಾಗಿ ಹೋಗಿ, 1873ರಲ್ಲಿ ಅಲ್ಲಿಯೂ ಪದವಿ ಪಡೆದಳು. ಮದುವೆಯಾಗಿ ಎಲೆನ್ ರಿಚರ್ಡ್ಸ್ ಆದ ಆಕೆ ಮ್ಯಾಸಚೂಸೆಟ್ಸಿನ ಕುಡಿಯುವ ನೀರಿನ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದಳು. ಊರಿನ ಚರಂಡಿ ನೀರು ಯಾರ ಬಾವಿಗೆ ಸೇರುತ್ತದೆ ಎಂಬುದೇ ಅವಳ ಪ್ರಶ್ನೆ. ನಮ್ಮಲ್ಲಿ ಹೋಂ ಸೈನ್ಸ್ ಓದಿದವರು ಎಷ್ಟು ಜನರಿಲ್ಲ! ಅಡುಗೆ, ಹೊಲಿಗೆಯ ಓದು ಎಂದು ಹಾಸ್ಯಕ್ಕೊಳಗಾದ ಆ ಶಾಸ್ತ್ರವನ್ನು ಕಟ್ಟಿದವರಲ್ಲಿ ಮುಖ್ಯಳಾದವಳು ಎಂ.ಐ.ಟಿ.ಯ ಈ ರಸಾಯನಶಾಸ್ತ್ರಜ್ಞೆ. ಮನೆಯ ನೀರು, ಗಾಳಿ, ಆಹಾರ ಇವು ವಿಜ್ಞಾನದ ವಿಷಯವಲ್ಲದೆ ಮತ್ತೇನು ಎಂಬುದು ಅವಳ ವಾದ.

1999ರಲ್ಲಿ ಸ್ಮಿತ್ ಕಾಲೇಜು ಎಂಜಿನಿಯರಿಂಗ್ ಶುರುಮಾಡುವ ತೀರ್ಮಾನ ಕೈಗೊಂಡಾಗ ಅದರ ಅಧ್ಯಕ್ಷೆ ರೂತ್ ಸಿಮನ್ಸ್. ಟೆಕ್ಸಸ್ಸಿನಲ್ಲಿ ಹೊಲವನ್ನು ಪಾಲಿಗೆ ಉಳುತ್ತಿದ್ದ ಕಪ್ಪು ಜನರ ಕುಟುಂಬದ ಹನ್ನೆರಡನೆಯ ಮಗು. ಓದಿದ್ದು ಫ್ರೆಂಚ್ ಸಾಹಿತ್ಯ. ಎಂಜಿನಿಯರಿಂಗ್ ತಂದವಳು ಸಾಹಿತ್ಯದವಳು ಎಂಬುದನ್ನು ಓದಿ, ಬಿ.ಎ. ಕಾಲೇಜಿನಲ್ಲಿ ಎಂಜಿನಿಯರಿಂಗೇ ಎಂದು ಮೂಗು ಮುರಿದವಳಿಗೆ ನಾಚಿಕೆಯಾಯಿತು. ಅಮೆರಿಕದ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ತನ್ನದೇ ಎಂಜಿನಿಯರಿಂಗ್ ಪದವಿ ಕೊಟ್ಟದ್ದು ಇದೇ ಮೊದಲು. ಆ ಕಾಲಕ್ಕೆ ಆ ದೇಶದಲ್ಲಿ ಎಂಜಿನಿಯರಿಂಗ್ ಪದವಿ ಪಡೆಯುತ್ತಿದ್ದ ಐವರಲ್ಲಿ ಒಬ್ಬಳು ಮಾತ್ರ ಹೆಂಗಸು.

ಸಣ್ಣ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುವುದು ಕಷ್ಟದ ಕೆಲಸ. ಪಾಠ ಮಾಡಿದವಳಾಗಿ ಇದು ನನಗೆ ಗೊತ್ತು. ಅಲ್ಲಿ ಎಂಜಿನಿಯರಿಂಗ್ ಓದಿಗೆ ಮಾನ್ಯತೆ ಕೊಡುವುದು ಎಬೆಟ್ ಎಂಬ ಸಂಸ್ಥೆ. ಅದರ ನಿಯಮದಂತೆ ನಾಲ್ಕು ವರ್ಷಗಳಲ್ಲಿ ಒಂದು ವರ್ಷದಷ್ಟು ಗಣಿತ, ವಿಜ್ಞಾನ. ಒಂದೂವರೆ ವರ್ಷದಷ್ಟು ಎಂಜಿನಿಯರಿಂಗ್ ಬೇಕು. ಉಳಿದ ಒಂದೂವರೆ ವರ್ಷವನ್ನೂ ದೊಡ್ಡ ಕಾಲೇಜುಗಳು ಎಂಜಿನಿಯರಿಂಗಿನಿಂದಲೇ ತುಂಬುವುದು ರೂಢಿ. ಸ್ಮಿತ್ ಆ ಜಾಗವನ್ನು ಸಾಹಿತ್ಯಕ್ಕೆ, ಇತಿಹಾಸಕ್ಕೆ, ಭಾಷೆಗೆ, ಸಂಗೀತಕ್ಕೆ ಬಿಟ್ಟಿತು. ಬಿಟ್ಟದ್ದಕ್ಕೆ ಬೆಲೆಯನ್ನೂ ತೆತ್ತಿತು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದು ಬೇರೆ ಬೇರೆ ಶಾಖೆಗಳನ್ನು ಇಡಲಾಗದು. ಎಂಜಿನಿಯರಿಂಗ್ ವಿಜ್ಞಾನ ಎಂದು ಒಂದೇ ಪದವಿ. ನಾಲ್ಕಾರು ಅಧ್ಯಾಪಕರು ಎಲ್ಲವನ್ನೂ ಹೇಳಿಕೊಡಬೇಕು. ಕೊನೆಯ ವರ್ಷ ಹುಡುಗಿಯರು ಗುಂಪು ಮಾಡಿಕೊಂಡು, ಹೊರಗಿನ ಸಂಸ್ಥೆಯೊಂದು ತಂದ ನಿಜವಾದ ಸಮಸ್ಯೆಯನ್ನು ವರ್ಷವಿಡೀ ಬಿಡಿಸಬೇಕು. ಕೆಲಸ ಕೊಡುವವರು "ಇವಳು ಯಾವ ಬ್ರಾಂಚು?" ಎಂದು ಕೇಳಿದರೆ ಉತ್ತರವನ್ನು ಹುಡುಗಿಯೇ ಕಟ್ಟಿಕೊಳ್ಳಬೇಕು. ಈ ಏರ್ಪಾಡನ್ನು ಮೊದಲು ನಡೆಸಿದ ಡೊಮೆನಿಕೊ ಗ್ರಾಸೊ ಪರಿಸರ ಎಂಜಿನಿಯರ್. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗವೊಂದರಿಂದ ಬಂದವನು.

ಇನ್ನೊಂದು ಮಾತು ನನ್ನನ್ನು ತಟ್ಟಿತು. ಎಬೆಟ್ ಮಾನ್ಯತೆ ಕೊಡಬೇಕಾದರೆ ಮೊದಲು ಒಂದು ತಂಡ ಓದಿ ಮುಗಿಸಿರಬೇಕು. ಅಂದರೆ 2000ದಲ್ಲಿ ಸೇರಿದ ಹುಡುಗಿಯರು, ತಮ್ಮ ಪದವಿಗೆ ಬೆಲೆ ಸಿಗುವುದೋ ಇಲ್ಲವೋ ಗೊತ್ತಿಲ್ಲದೆಯೇ ನಾಲ್ಕು ವರ್ಷ ಓದಬೇಕು. 2004ರಲ್ಲಿ ಹೀಗೆ ಓದಿ ಮುಗಿಸಿದವರು 20 ಮಂದಿ. ಮಾನ್ಯತೆ ಬಂದದ್ದು ಮರುವರ್ಷ. ಆ ನಾಲ್ಕು ವರ್ಷ ಅವರ ಮನೆಗಳಲ್ಲಿ ಏನೇನು ಮಾತು ನಡೆದಿರಬಹುದು! "ದೊಡ್ಡ ಕಾಲೇಜಿಗೆ ಸೇರಬಾರದಾಗಿತ್ತೇ?" ಎಂದು ಒಬ್ಬ ಅಪ್ಪನಾದರೂ ಕೇಳಿರದೆ ಇರಲಾರ. ಆ ಇಪ್ಪತ್ತು ಮಂದಿಯ ಎದೆಗಾರಿಕೆಯನ್ನು ಲೆಕ್ಕದಲ್ಲಿ ಹಿಡಿಯದೆ ಈ ಇತಿಹಾಸ ಬರೆಯಲಾಗದು.

ಆ ವಿಭಾಗಕ್ಕೆ ಹಣ ಬಂದದ್ದು ಪಿಕರ್ ಮನೆಯಿಂದ. ಜೀನ್ ಪಿಕರ್ 1942ರಲ್ಲಿ ಸ್ಮಿತ್‌ನಲ್ಲಿ ಪದವಿ ಪಡೆದಾಕೆ. ಗಂಡ ಹಾರ್ವಿ ಪಿಕರ್‌ನ ಮನೆತನದ ಉದ್ಯೋಗ ಎಕ್ಸ್‌ರೇ ಯಂತ್ರ ಮಾಡುವುದು. ಹೆಂಡತಿ ದೀರ್ಘ ಕಾಯಿಲೆ ಬಿದ್ದಾಗ ಅವನು ಆಸ್ಪತ್ರೆಗಳಲ್ಲಿ ಕಂಡದ್ದು: ಯಂತ್ರಗಳು ಉತ್ತಮ, ಔಷಧಿ ಉತ್ತಮ, ಆದರೆ ರೋಗಿಯನ್ನು ಮನುಷ್ಯಳೆಂದು ಕಾಣುವ ವ್ಯವಸ್ಥೆ ಇಲ್ಲ. 1980ರ ದಶಕದಲ್ಲಿ ಗಂಡಹೆಂಡತಿ ಸೇರಿ ರೋಗಿಯ ಕಣ್ಣಿನಿಂದ ಆಸ್ಪತ್ರೆಯನ್ನು ನೋಡುವ ಕೆಲಸಕ್ಕೆ ಒಂದು ಸಂಸ್ಥೆ ಕಟ್ಟಿದರು. ಯಂತ್ರ ಮಾಡಿದ ಮನೆಯವರೇ ಯಂತ್ರವೊಂದೇ ಸಾಲದು ಎಂದದ್ದು ಇಲ್ಲಿ.

ಈ ದಾರಿ ಹೂವಿನ ಹಾಸಿಗೆಯಲ್ಲ ಎಂಬುದನ್ನೂ ಹೇಳಬೇಕು. ವರ್ಜೀನಿಯಾದ ಸ್ವೀಟ್ ಬ್ರಯರ್ ಎಂಬ ಇನ್ನೊಂದು ಸಣ್ಣ ಹೆಣ್ಣುಮಕ್ಕಳ ಕಾಲೇಜು 2005ರಲ್ಲಿ ಎಂಜಿನಿಯರಿಂಗ್ ತಂದು, 2011ರಲ್ಲಿ ಮಾನ್ಯತೆ ಪಡೆಯಿತು. ನಾಲ್ಕೇ ವರ್ಷದ ಮೇಲೆ, 2015ರಲ್ಲಿ, ಹಣವಿಲ್ಲವೆಂದು ಇಡೀ ಕಾಲೇಜನ್ನೇ ಮುಚ್ಚುವುದಾಗಿ ಆಡಳಿತ ಸಾರಿತು. ಹಳೆಯ ವಿದ್ಯಾರ್ಥಿನಿಯರು ಚಂದಾ ಎತ್ತಿ, ಕೋರ್ಟು ಹತ್ತಿ ಉಳಿಸಿಕೊಂಡರು. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು ಹುಡುಗ ಹುಡುಗಿಯರಿಬ್ಬರಿಗೂ ಸೇರಿದ್ದು, 1955ರಲ್ಲಿ ಶುರುವಾದದ್ದು, ವಿಜ್ಞಾನ, ಎಂಜಿನಿಯರಿಂಗಿನ ಜೊತೆ ಸಾಹಿತ್ಯ, ಸಮಾಜಶಾಸ್ತ್ರಗಳನ್ನು ಬಿಡಿಸದೆ ಕಲಿಸುವಂಥದ್ದು. ಅಲ್ಲಿ 2014ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು.

ನಮ್ಮ ಕಡೆ ಏನು ಎಂದು ನೀವು ಕೇಳಬಹುದು. ಹೆಣ್ಣುಮಕ್ಕಳಿಗೇ ಎಂಜಿನಿಯರಿಂಗ್ ಕಾಲೇಜು ಕಟ್ಟುವುದರಲ್ಲಿ ನಾವು ಸ್ಮಿತ್‌ಗಿಂತ ಮುಂದು. ಮಹರ್ಷಿ ಕರ್ವೆಯವರು ಹಾಕಿದ ಸಂಸ್ಥೆಯ ಆಶ್ರಯದಲ್ಲಿ ಪುಣೆಯ ಕಮಿನ್ಸ್ ಕಾಲೇಜು 1991ರಲ್ಲಿ ಶುರುವಾಯಿತು. ಮೈಸೂರಿನಲ್ಲಿ 2003ರಲ್ಲಿ ಜಿ.ಎಸ್.ಎಸ್.ಎಸ್. ಕಾಲೇಜು. ಆದರೆ ಅವು ಎಂಜಿನಿಯರಿಂಗ್ ಕಾಲೇಜುಗಳು. ಒಂದೇ ಅಂಗಳದಲ್ಲಿ ಇತಿಹಾಸದ ಮೇಡಮ್ಮೂ ಚರಂಡಿಯ ಮೇಡಮ್ಮೂ ಒಂದೇ ಹುಡುಗಿಗೆ ಪಾಠ ಮಾಡುವುದು ನಮ್ಮಲ್ಲಿ ಅಪರೂಪ. ಅಪರೂಪವೇ ಹೊರತು ನಮ್ಮ ಮಣ್ಣಿಗೆ ಒಗ್ಗದ್ದೇನಲ್ಲ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ನಾವು ಹೆಮ್ಮೆಪಡುವ ರಾಜೇಶ್ವರಿ ಚಟರ್ಜಿಯವರು ಎಂಜಿನಿಯರಿಂಗ್ ಕಾಲೇಜಿನಿಂದ ಬಂದವರಲ್ಲ. ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪನವರು ಮಹಿಳಾ ಸೇವಾ ಸಮಾಜದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮಾಡಿದವರು. ಶಾಲೆಯಲ್ಲಿದ್ದಾಗ ಇತಿಹಾಸದ ಕಡೆಗೂ ಮನಸ್ಸಿತ್ತಂತೆ. 1947ರಲ್ಲಿ ಮಿಚಿಗನ್ನಿಗೆ ಹೋಗಿ ಎಂಜಿನಿಯರಿಂಗ್ ಓದಿ, 1953ರಲ್ಲಿ ಮರಳಿ ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1982ರವರೆಗೆ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ನಿವೃತ್ತಿಯ ಮೇಲೆ ಅವರು ತೊಡಗಿದ್ದು ಹೆಂಗಸರ ಕೆಲಸದಲ್ಲಿ.

2016ರ ಕೊನೆಗೆ ಊರಿಗೆ ಬಂದೆ. ಅಪ್ಪ ಅಟ್ಟದ ಮೇಲಿಟ್ಟ ಪುಸ್ತಕಗಳನ್ನು ಕೆಳಗಿಳಿಸಿದೆ. ಅರ್ಧ ಗೆದ್ದಲು ತಿಂದಿತ್ತು. ಆಮೇಲೆ ಒಂದು ತಿಂಗಳು ಹಿಂದೆಮುಂದೆ ನೋಡಿ, ಹಳೆಯ ಸಹೋದ್ಯೋಗಿಯೊಬ್ಬರಿಂದ ಆ ಹುಡುಗಿಯ ಫೋನ್ ನಂಬರ್ ಪಡೆದೆ. ಹುಡುಗಿ ಎನ್ನುತ್ತಿದ್ದೇನೆ, ನಲವತ್ತು ದಾಟಿದ ಹೆಂಗಸು. ಬೇರೊಂದು ಪುರಸಭೆಯಲ್ಲಿ ಜೂನಿಯರ್ ಎಂಜಿನಿಯರ್.

"ನಿನಗೆ ನೆನಪಿದೆಯೋ ಇಲ್ಲವೋ ಕಣಮ್ಮ, ಒಂದು ದಿನ ನೀನು ಒಂದು ಪ್ರಶ್ನೆ ಕೇಳಿದ್ದೆ..." ಎಂದು ಶುರುಮಾಡಿದೆ.

"ಚರಂಡಿದು ತಾನೆ ಮೇಡಂ?" ಅಂದಳು ತಕ್ಷಣ.

ನಾನು ತಪ್ಪಾಯಿತೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮಗೆ ಹೇಳಿರಲಿಲ್ಲ ಮೇಡಂ. ಆ ವರ್ಷ ಸರ್ವೆ ಕ್ಯಾಂಪಿನಲ್ಲಿ ನಮ್ಮ ಗುಂಪಿಗೆ ಡಂಪಿ ಲೆವೆಲ್ ಕೊಟ್ಟಿದ್ರಲ್ಲ, ಭಾನುವಾರ ಅಟೆಂಡರಣ್ಣನ್ನ ಕೇಳ್ಕೊಂಡು ಅದನ್ನ ಪೇಟೆಗೆ ತಗೊಂಡು ಹೋಗಿದ್ವಿ. ನಾನು, ಇನ್ನಿಬ್ಬರು. ಸಂತೆಮಾಳದಿಂದ ಕೇರಿವರೆಗೂ ಸ್ಟಾಫ್ ಹಿಡಿದು ಲೆವೆಲ್ ತೆಗೆದ್ವಿ" ಅಂದಳು.

"ಏನು ಬಂತು?"

"ಇಳಿಜಾರು ಕೆರೆಕೋಡಿ ಕಡೆಗಿತ್ತು ಮೇಡಂ. ನಮ್ಮ ಕಡೆಗಲ್ಲ. ಸಂತೆಮಾಳದ ಹತ್ತಿರ ಮೂರಡಿ ಹೆಚ್ಚು ಅಗೆದು ಈ ಕಡೆಗೆ ತಿರುಗಿಸಿದ್ರು."

ನನಗೆ ಮಾತು ಹೊರಡಲಿಲ್ಲ. ಲೆವೆಲಿಂಗ್ ಪಾಠ ಸಿಲಬಸ್ಸಿನಲ್ಲೇ ಇತ್ತು. ಅದನ್ನು ಅವಳಿಗೆ ಕಲಿಸಿದವಳು ನಾನೇ. "ಆವಾಗಲೇ ನನಗೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿ, ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ಉತ್ತರ ಕೊಡಲಿಲ್ಲ. ಮೊಮ್ಮಗ ಹೇಗಿದ್ದಾನೆಂದು ಕೇಳಿದಳು.

ಎರಡು ವಾರದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಫೀಲ್ಡ್ ಬುಕ್ಕಿನ ಎರಡು ಹಾಳೆಗಳ ಜೆರಾಕ್ಸು. ಪೆನ್ಸಿಲ್ಲಿನ ಅಂಕಿಗಳು ಮಾಸಿದ್ದವು. ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಕೂಡಿ ಕಳೆದು ನೋಡಿದೆ. ಒಂದು ಕಡೆಯೂ ತಪ್ಪಿರಲಿಲ್ಲ.